ಚಕ್ರದ ಮೇಲಿನ ಮನೆ

ವ್ಯಾನಿನೊಳಗೆ ಮಂಚ, ಒಲೆ ಜೋಡಿಸಿ, ಹಿಂಬದಿಯಲ್ಲಿ ಮೋಟಾರ್‌ಸೈಕಲ್ ನಿಲ್ಲಿಸಿಕೊಂಡು ಊರು ಸುತ್ತಬೇಕೆಂದು ನಮ್ಮ ಕೋಣನಕುಂಟೆಯ ಹುಡುಗರಿಗೂ ಆಸೆ. ಈ ಹುಚ್ಚು ಹೊಸದೇನಲ್ಲ. 1885ರಲ್ಲಿ ಡಾ. ಗಾರ್ಡನ್ ಸ್ಟೇಬಲ್ಸ್ ಎಂಬವರು ಬ್ರಿಸ್ಟಲ್ಲಿನ ಕಾರ್ಖಾನೆಯಲ್ಲಿ ಮನೆಯಂಥ ಕುದುರೆಗಾಡಿ ಕಟ್ಟಿಸಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಹೋದರು. ಅವರ ಆಳು ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಹೋಗಿ ದಾರಿ ನೋಡುತ್ತಿದ್ದ. ಮೋಟಾರ್‌ಸೈಕಲ್ಲಿನ ಅಜ್ಜ ಎನ್ನೋಣ!

ನಮ್ಮಲ್ಲಿ ಜಾತ್ರೆಗೆ ಹೊರಟ ಕಮಾನುಗಾಡಿಯೂ ಮನೆಯೇ. ಒಳಗೆ ಹುಲ್ಲಿನ ಮೆತ್ತೆ, ಬುತ್ತಿಗಂಟು. ಇಳಿದಲ್ಲಿ ಮೂರು ಕಲ್ಲಿಟ್ಟರೆ ಒಲೆ. ಹೆಂಗಸರು ಮಾತ್ರ ಬಯಲಿಗೆ ಹೋಗಲು ಕತ್ತಲಾಗುವುದನ್ನೇ ಕಾಯಬೇಕಿತ್ತು.

ಬಸ್ಸು ಬಂದ ಮೇಲೂ ಆ ಕಾಯುವುದು ತಪ್ಪಲಿಲ್ಲ. 2020ರ ಆಗಸ್ಟಿನಲ್ಲಿ ಕೆಎಸ್‌ಆರ್‌ಟಿಸಿಯವರು ಓಡಿ ಸವೆದ ಬಸ್ಸೊಂದನ್ನು ಮೆಜೆಸ್ಟಿಕ್ಕಿನಲ್ಲಿ ಹೆಂಗಸರ ಶೌಚಾಲಯವನ್ನಾಗಿ ಮಾಡಿದರು; ಮಗುವಿಗೆ ಹಾಲೂಡಿಸಲೂ ಅದರಲ್ಲಿ ಜಾಗವಿಟ್ಟರು. ಗುಜರಿಗೆ ಹೋಗಬೇಕಾದ ಬಸ್ಸಿನಲ್ಲೇ ಇಷ್ಟಾಗುವುದಾದರೆ, ಆಸೆಪಟ್ಟು ಕಟ್ಟಿಸುವ ವ್ಯಾನಿನಲ್ಲಿ ಆಗದೇ? ಎರಡು ಕ್ವಿಂಟಾಲಿನ ಹತ್ತಿರ ತೂಗುವ ಬುಲೆಟ್ಟಿಗೆ ಜಾಗ ಅಳೆಯುವ ಮೊದಲು, ಜೊತೆಗೆ ಬರುವ ತಾಯಿ, ಹೆಂಡತಿ, ತಂಗಿಯನ್ನೂ ಒಂದು ಮಾತು ಕೇಳಲಿ. ಅವರು ಮೊದಲು ಕೇಳುವುದು ಬಾಗಿಲಿರುವ ಒಂದು ಬಚ್ಚಲನ್ನು.