ವಾಹನ ತಪಾಸಣೆ: ಶಿಕಾರಿಪುರ ಮತ್ತು ಸೊರಬ

ಬಾಡಿಗೆಗೆ ಓಡುವ ವಾಹನಗಳ ಯೋಗ್ಯತಾ ಪರೀಕ್ಷೆ ಮತ್ತು ಇಂಧನ ಸುಡುವ ಎಲ್ಲ ವಾಹನಗಳ ಹೊಗೆ ತಪಾಸಣೆಯನ್ನು ಕಾನೂನು ಕಡ್ಡಾಯ ಮಾಡಿದೆ. ಜನರ ಬಾಯಲ್ಲಿ ಇವು ‘ಎಫ್‌ಸಿ’ ಮತ್ತು ‘ಎಮಿಷನ್’. ಎರಡರಲ್ಲಿ ಎಫ್‌ಸಿ ಅರ್ಧ ಶತಮಾನ ಹಿರಿಯದು.

ಶಿವಮೊಗ್ಗ–ತಾಳಗುಪ್ಪ ರೈಲು ಸಾಗರ ಪಟ್ಟಣದ ಮೂಲಕ ಹಾದುಹೋಯಿತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬಗಳು ರಸ್ತೆಯನ್ನೇ ನಂಬಬೇಕಾಯಿತು. ಜನ ಬಸ್ಸು ಹತ್ತಿದರು, ಭತ್ತ–ಅಡಿಕೆ ಲಾರಿ ಏರಿದವು. ಹಾಗಾಗಿ ಈ ತಪಾಸಣೆಗಳು ಇಲ್ಲಿನವರಿಗೆ ಹತ್ತಿರದ ವಿಷಯ.

ಎಫ್‌ಸಿಯ ಬೇರು 1939ರ ಮೋಟಾರು ವಾಹನ ಕಾಯ್ದೆಯ 38ನೇ ಕಲಮಿನಲ್ಲಿದೆ. 1989ರ ಜುಲೈ 1ರಂದು ಜಾರಿಯಾದ ಹೊಸ ಕಾಯ್ದೆ ಅದನ್ನು 56ನೇ ಕಲಮಿನಲ್ಲಿ ಉಳಿಸಿಕೊಂಡಿತು. ಹೊಸ ವಾಹನಕ್ಕೆ ಎರಡು ವರ್ಷ, ಆಮೇಲೆ ವರ್ಷ ವರ್ಷ ನವೀಕರಣ ಎಂಬ ನಿಯಮವಿತ್ತು. 2018ರಲ್ಲಿ ಎಂಟು ವರ್ಷದವರೆಗಿನ ವಾಹನಗಳಿಗೆ ಎರಡು ವರ್ಷಕ್ಕೊಮ್ಮೆ ಸಾಕೆಂದಾಯಿತು. ಬ್ರೇಕು, ಸ್ಟೇರಿಂಗು, ಟೈರು, ದೀಪ, ಹಾರ್ನು ಎಲ್ಲವನ್ನೂ ನೋಡುವವರು ಮೋಟಾರು ವಾಹನ ನಿರೀಕ್ಷಕರು. ಊರಿನವರಿಗೆ ಅವರು ‘ಬ್ರೇಕ್ ಇನ್‌ಸ್ಪೆಕ್ಟರ್’. ಎಫ್‌ಸಿ ಹತ್ತಿರವಾದಾಗ ವಾಹನಕ್ಕೆ ಹೊಸ ಪೇಂಟು ಬಳಿಸುವುದು ಮಾಲೀಕರ ರೂಢಿ. ಪೇಂಟಿನಿಂದ ಬ್ರೇಕು ಹಿಡಿಯುವುದಿಲ್ಲ ಎಂಬುದು ಬೇರೆ ಮಾತು. ಕೃಷಿ ಟ್ರಾಕ್ಟರು ನಿಯಮದ ಪ್ರಕಾರ ಸಾರಿಗೆಯೇತರ ವಾಹನವಾದ್ದರಿಂದ ಅದಕ್ಕೆ ಈ ಕಾಟವಿಲ್ಲ. ಜೋಳದ ಸುಗ್ಗಿಯಲ್ಲಿ ರಸ್ತೆಯನ್ನೇ ಆಳುವ ವಾಹನಕ್ಕೆ ಕೊಟ್ಟ ಈ ವಿನಾಯಿತಿ ಪ್ರಶ್ನಾರ್ಹ. ಸ್ವಂತದ ಕಾರು, ಬೈಕುಗಳು ಹದಿನೈದು ವರ್ಷ ತುಂಬಿದ ಮೇಲೆ ಪರೀಕ್ಷೆಗೆ ನಿಲ್ಲುತ್ತವೆ. ನವೀಕರಣ ಐದು ವರ್ಷಕ್ಕೆ.

ಎಮಿಷನ್ ಬಂದದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಿಂದ. ನೋಂದಣಿಯಾಗಿ ವರ್ಷ ಕಳೆದ ಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆ. ಬಿಎಸ್-4 ಮತ್ತು ನಂತರದ ಹೊಗೆ ಮಾನದಂಡಗಳ ವಾಹನಗಳಿಗೆ ವರ್ಷಕ್ಕೊಮ್ಮೆ. ಪೆಟ್ರೋಲ್ ವಾಹನದ ಸೈಲೆನ್ಸರಿಗೆ ನಳಿಗೆ ತೂರಿಸಿ, ಎಂಜಿನ್ ನಿಂತಲ್ಲೇ ಓಡುವಾಗ ಬರುವ ಕಾರ್ಬನ್ ಮಾನಾಕ್ಸೈಡನ್ನು ಅಳೆಯುತ್ತಾರೆ. ಡೀಸೆಲ್ ವಾಹನದಲ್ಲಿ ಆಕ್ಸಿಲರೇಟರ್ ಒತ್ತಿಸಿ ಹೊಗೆಯ ದಟ್ಟಣೆ ನೋಡುತ್ತಾರೆ; ಹಳೆಯ ವಾಹನಗಳಿಗೆ 65 ಹಾರ್ಟ್‌ರಿಜ್ ಮಾನದ ಮಿತಿಯಿತ್ತು. ಭಾರ ಹೊತ್ತು ಏರು ಹತ್ತುವಾಗಿನ ಹೊಗೆಯನ್ನು ಈ ಪರೀಕ್ಷೆ ಹಿಡಿಯಲಾರದು. ಎಮಿಷನ್ ಪತ್ರವಿಲ್ಲದೆ ವಿಮೆ ನವೀಕರಿಸಬಾರದೆಂದು 2017ರ ಆಗಸ್ಟ್ 10ರಂದು ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ತಪಾಸಣೆಗೆ ಬಿಗಿ ಬಂತು; ಆ ಷರತ್ತು 2024ರಲ್ಲಿ ರದ್ದಾಯಿತು.

ಹೊಗೆ ತಪಾಸಣೆ ಪೆಟ್ರೋಲ್ ಬಂಕಿನವರೆಗೆ ಬಂದಿದ್ದರೂ ಸಾರಿಗೆ ಕಚೇರಿ ಈ ಎರಡು ಊರುಗಳಿಗೆ ಬಂದಿಲ್ಲ. ಜಿಲ್ಲೆಯಲ್ಲಿರುವ ಕಚೇರಿಗಳು ಶಿವಮೊಗ್ಗ (ಕೆಎ-14) ಮತ್ತು ಸಾಗರದಲ್ಲಿ (ಕೆಎ-15). ಈಗ ಕೇಂದ್ರ ಸರ್ಕಾರ ಯಂತ್ರಗಳೇ ಬ್ರೇಕು ಅಳೆಯುವ ಸ್ವಯಂಚಾಲಿತ ಕೇಂದ್ರಗಳತ್ತ ಹೊರಳಿದೆ. ರಾಜ್ಯದಲ್ಲಿ ನೆಲಮಂಗಲದಲ್ಲಿ ಅಂಥದೊಂದಿದೆ. ಯಂತ್ರಕ್ಕೆ ಮುಲಾಜಿಲ್ಲ, ನಿಜ. ಆದರೆ ಅದು ದೂರದಲ್ಲೇ ಉಳಿದರೆ, ಎಫ್‌ಸಿಗಾಗಿ ಒಂದು ದಿನದ ದುಡಿಮೆ ಬಿಡುವ ಸೊರಬದ ಆಟೋ ಚಾಲಕನಿಗೆ ಅದರಿಂದ ಲಾಭವಿಲ್ಲ.