ಸುಳ್ಳು ವೈರಸ್ ಎಚ್ಚರಿಕೆಗಳು: ಒಂದು ಪರಿಚಯ

ಇಲ್ಲದ ವೈರಸ್ಸನ್ನು ಇದೆಯೆಂದು ಹೆದರಿಸಿ, 'ಪರಿಚಿತರೆಲ್ಲರಿಗೂ ಕೂಡಲೇ ಕಳುಹಿಸಿ' ಎಂದು ಕೋರುವ ಮಿಂಚಂಚೆಯೇ ಸುಳ್ಳು ವೈರಸ್ ಎಚ್ಚರಿಕೆ. ಹತ್ತು ಜನರಿಗೆ ಬರೆದು ಹಾಕದಿದ್ದರೆ ಕೇಡು ತಪ್ಪದೆಂದು ಬೆದರಿಸುತ್ತಿದ್ದ ಹಳೆಯ ಅಂಚೆಕಾರ್ಡುಗಳ ವಂಶಕ್ಕೆ ಇದು ಸೇರಿದುದು.

ಇವುಗಳಲ್ಲಿ ಪ್ರಸಿದ್ಧವಾದುದು 1994ರ ಕೊನೆಯಲ್ಲಿ ಅಮೆರಿಕದಲ್ಲಿ ಹರಡಿದ 'ಗುಡ್ ಟೈಮ್ಸ್'. ಆ ಶೀರ್ಷಿಕೆಯ ಪತ್ರವನ್ನು ಓದಿದೊಡನೆಯೇ ಹಾರ್ಡ್ ಡಿಸ್ಕ್ ಅಳಿಸಿಹೋಗುವುದೆಂಬುದು ಅದರ ಬೆದರಿಕೆ. ಬರಿಯ ಅಕ್ಷರಗಳಿದ್ದ ಅಂದಿನ ಪತ್ರಗಳಿಗೆ ಆ ಶಕ್ತಿಯಿರಲಿಲ್ಲ. ಅಮೆರಿಕದ ಇಂಧನ ಇಲಾಖೆಯ ಗಣಕ ಸುರಕ್ಷತಾ ತಂಡವು ಅದೇ ಡಿಸೆಂಬರಿನಲ್ಲಿ ಇದು ಸುಳ್ಳೆಂದು ಸಾರಿದರೂ ಪತ್ರವು ವರ್ಷಗಟ್ಟಲೆ ಸುತ್ತಾಡಿತು.

2001ರಲ್ಲಿ ಬಂದ ಎಚ್ಚರಿಕೆ ಇನ್ನೂ ಜಾಣತನದ್ದು. 'ಸಲ್ಫ್‌ಎನ್‌ಬಿಕೆ' ಎಂಬ ಕಡತ ನಿಮ್ಮ ಗಣಕದಲ್ಲಿದ್ದರೆ ಅದು ವೈರಸ್, ಅಳಿಸಿಹಾಕಿ ಎಂದಿತು ಅದು. ವಾಸ್ತವವಾಗಿ ಅದು ವಿಂಡೋಸ್ 98ರ ಸ್ವಂತ ಕಡತ. ಆದುದರಿಂದ ಹುಡುಕಿದವರಿಗೆ ಸಿಕ್ಕಿಯೇ ಸಿಗುತ್ತಿತ್ತು. ಸಿಕ್ಕಿದೊಡನೆ ಪತ್ರದ ಮೇಲಿನ ನಂಬಿಕೆ ಬಲಿಯುತ್ತಿತ್ತು. 2002ರಲ್ಲಿ ಪುಟ್ಟ ಕರಡಿಯ ಚಿತ್ರವಿದ್ದ 'ಜೆಡಿಬಿಜಿಎಂಜಿಆರ್' ಕಡತಕ್ಕೂ ಇದೇ ಗತಿಯಾಯಿತು. ಎರಡೂ ನಿತ್ಯಬಳಕೆಯ ಕಡತಗಳಲ್ಲವಾದುದರಿಂದ ದೊಡ್ಡ ಹಾನಿಯಾಗಲಿಲ್ಲ. ಆದರೆ ವೈರಸ್ ಮಾಡಬೇಕಾದ ಕೆಲಸವನ್ನು ಜನರೇ ತಮ್ಮ ಕೈಯಾರೆ ಮಾಡಿದರು.

ಇನ್ನೊಂದು ಹಾನಿ ಕಣ್ಣಿಗೆ ಕಾಣದು. ಸುಳ್ಳು ಕೇಳಿ ಕೇಳಿ ದಣಿದವರು ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸುತ್ತಾರೆ. 1999ರ 'ಮೆಲಿಸ್ಸಾ', 2000ದ 'ಐ ಲವ್ ಯೂ' ಕಟ್ಟುಕಥೆಗಳಾಗಿರಲಿಲ್ಲ. ಪರಿಚಿತರ ಹೆಸರಿನಲ್ಲೇ ಬಂದ ಲಗತ್ತುಗಳ ಮೂಲಕ ಅವು ಲೋಕವನ್ನೆಲ್ಲ ಕಾಡಿದವು.

ಸುಳ್ಳು ಪತ್ರದ ಲಕ್ಷಣಗಳು ಬಹುಪಾಲು ಒಂದೇ. ದಿನಾಂಕವಿರುವುದಿಲ್ಲ. ದೊಡ್ಡ ಸಂಸ್ಥೆಗಳ ಹೆಸರಿರುತ್ತದೆ, ಪರಿಶೀಲಿಸಬಹುದಾದ ವಿಳಾಸವಿರುವುದಿಲ್ಲ. 'ಇದಕ್ಕೆ ಮದ್ದೇ ಇಲ್ಲ' ಎಂಬ ಮಾತಿರುತ್ತದೆ. ಎಲ್ಲರಿಗೂ ಕಳುಹಿಸುವ ಅವಸರವಂತೂ ಇದ್ದೇ ಇರುತ್ತದೆ.

ಇಂದು ಇದೇ ಪತ್ರಗಳು ವಾಟ್ಸಾಪ್ ಸಂದೇಶಗಳಾಗಿ ಬರುತ್ತಿವೆ. ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ರವಾನಿಸಲಾಗದಂತೆ ಆ ಸಂಸ್ಥೆ 2018ರಲ್ಲಿ ಭಾರತದಲ್ಲಿ ಮಿತಿ ಹಾಕಿತು. ಉಳಿದ ಹೊಣೆ ನಮ್ಮದು. ಬ್ಯಾಂಕಿನ ಕೌಂಟರಿನಲ್ಲಿ ನಾವು ಚೆಕ್ಕು ತಂದವರು ಎಷ್ಟೇ ಪರಿಚಿತರಾದರೂ ಸಹಿ ನೋಡದೆ ಹಣ ಕೊಡುವುದಿಲ್ಲ. ಸಂದೇಶಕ್ಕೂ ಆ ನಿಯಮವೇ ಸಲ್ಲಬೇಕು. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯಾಗಲಿ, ತಂತ್ರಾಂಶ ತಯಾರಿಸಿದ ಸಂಸ್ಥೆಯಾಗಲಿ ತಮ್ಮ ಜಾಲತಾಣದಲ್ಲಿ ಆ ಎಚ್ಚರಿಕೆ ನೀಡಿವೆಯೇ ಎಂದು ಓದುಗರು ಮೊದಲು ನೋಡಲಿ. ಅಲ್ಲಿಯವರೆಗೆ ಯಾವ ಕಡತವನ್ನೂ ಅಳಿಸುವುದು ಬೇಡ, ಯಾರಿಗೂ ಕಳುಹಿಸುವುದು ಬೇಡ.