ಎಚ್‌ಐವಿ ಇರುವವರಲ್ಲಿ ಗುದದ್ವಾರದ ಕ್ಯಾನ್ಸರ್

ಗುದದ್ವಾರದ ಕ್ಯಾನ್ಸರ್ ಸಾಮಾನ್ಯ ಜನರಲ್ಲಿ ಅಪರೂಪ. ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಇದು. ಎಚ್‌ಐವಿ ಇರುವವರಲ್ಲಿ ಮಾತ್ರ ಈ ಲೆಕ್ಕ ಹತ್ತಾರು ಪಟ್ಟು ಏರುತ್ತದೆ. ಇದನ್ನು ಹುಟ್ಟಿಸುವುದು ಹ್ಯೂಮನ್ ಪ್ಯಾಪಿಲೋಮ ವೈರಸ್, ಅಂದರೆ ಎಚ್‌ಪಿವಿ. ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತರುವುದೂ ಇದೇ ವೈರಸ್ಸು. ಇದಕ್ಕೆ ಲಸಿಕೆ ಇದೆ. ಕ್ಯಾನ್ಸರ್ ಆಗುವ ಮೊದಲೇ ಗುರುತಿಸಬಹುದಾದ ಹಂತವಿದೆ. ಆದಮೇಲೂ ಬಹುಪಾಲು ಜನರನ್ನು ಗುಣಪಡಿಸುವ ಚಿಕಿತ್ಸೆ ಇದೆ. ಇಷ್ಟೆಲ್ಲ ಇದ್ದೂ ಗುಂಡ್ಲುಪೇಟೆಯಂಥ ತಾಲ್ಲೂಕು ಕೇಂದ್ರದಲ್ಲಿ ಈ ಕಾಯಿಲೆಗೆ ಮೊದಲು ಬೀಳುವ ಹೆಸರು ಮೂಲವ್ಯಾಧಿ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಮೈಸೂರಿನಿಂದ ಸುಮಾರು 60 ಕಿ.ಮೀ. ದೂರದ ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ದಾರಿ ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿ ದಾಟಿ ಕಲ್ಲಿಕೋಟೆಗೆ. 2009ರಿಂದ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ, ಹೊತ್ತು ಮೀರಿ ಬಂದ ಲಾರಿಗಳು ಗೇಟು ತೆರೆಯುವವರೆಗೆ ಈಚೆಗೇ ನಿಲ್ಲಬೇಕು. ಏಡ್ಸ್ ನಿಯಂತ್ರಣ ಕಾರ್ಯಕ್ರಮ ದೇಶದ ಉದ್ದಗಲಕ್ಕೂ ಇಂಥ ತಂಗುದಾಣಗಳ ಮೇಲೆ ಕಣ್ಣಿಟ್ಟೇ ಬಂದಿದೆ. ಹಾಗೆಂದು ಎಚ್‌ಐವಿಯನ್ನು ಲಾರಿಯವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಗಂಡನಿಂದ ಸೋಂಕು ಬಂದ ಹೆಂಗಸರು, ಹುಟ್ಟುತ್ತಲೇ ಸೋಂಕು ಪಡೆದು ಈಗ ಯೌವನಕ್ಕೆ ಬಂದವರು, ಮನೆಯಲ್ಲಿ ಹೇಳಿಕೊಳ್ಳಲಾಗದ ಗಂಡಸರು, ಎಲ್ಲರೂ ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. 2023ರ ರಾಷ್ಟ್ರೀಯ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು 25 ಲಕ್ಷಕ್ಕೂ ಹೆಚ್ಚು. ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರದ ಸ್ಥಾನ ಕರ್ನಾಟಕದ್ದು.

ಭಾರತದಲ್ಲಿ ಸರ್ಕಾರ ಉಚಿತವಾಗಿ ಎಆರ್‌ಟಿ ಮಾತ್ರೆ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಅದಕ್ಕೂ ಮುಂಚೆ ಎಚ್‌ಐವಿ ಇದ್ದವರನ್ನು ಕ್ಷಯವೋ ನ್ಯುಮೋನಿಯಾವೋ ಮೊದಲೇ ಕೊಂಡೊಯ್ಯುತ್ತಿತ್ತು, ನಿಧಾನಕ್ಕೆ ಬೆಳೆಯುವ ಕ್ಯಾನ್ಸರ್‌ಗೆ ಕಾಲಾವಕಾಶವೇ ಇರುತ್ತಿರಲಿಲ್ಲ. ಮಾತ್ರೆ ಆಯುಸ್ಸು ಕೊಟ್ಟಿತು. 2004ರಲ್ಲಿ 25 ವರ್ಷದವರಾಗಿದ್ದು ಮಾತ್ರೆ ಶುರು ಮಾಡಿದವರು 2024ಕ್ಕೆ 45 ಮುಟ್ಟಿದರು. ಗುದದ್ವಾರದ ಕ್ಯಾನ್ಸರ್ ಇಂಥವರಲ್ಲಿ ತಲೆಯೆತ್ತುವುದು ಹೆಚ್ಚಾಗಿ ಈ ವಯಸ್ಸಿನ ಆಸುಪಾಸಿನಲ್ಲೇ.

ವೈರಸ್ ಕೆಲಸ ಮಾಡುವ ಬಗೆ ಹೀಗೆ. ಗುದನಾಳದ ಒಳಗೆ, ಕರುಳಿನ ಒಳಪೊರೆಯೂ ಚರ್ಮದಂಥ ಪೊರೆಯೂ ಕೂಡುವ ಒಂದು ಅಂಚಿದೆ. ಗರ್ಭಕಂಠದಲ್ಲಿ ಇರುವಂತೆಯೇ ಇಲ್ಲಿಯೂ ಜೀವಕೋಶಗಳು ಬದಲಾಗುತ್ತಲೇ ಇರುತ್ತವೆ, ಎಚ್‌ಪಿವಿಗೆ ಅದು ಹೇಳಿಮಾಡಿಸಿದ ಜಾಗ. ಈ ವೈರಸ್ಸಿನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. 6 ಮತ್ತು 11 ನರಹುಲಿ ತರುತ್ತವೆ, ಅಷ್ಟಕ್ಕೇ ಸುಮ್ಮನಾಗುತ್ತವೆ. ಕ್ಯಾನ್ಸರ್ ತರುವವುಗಳಲ್ಲಿ ಮುಂಚೂಣಿಯಲ್ಲಿರುವುದು 16. ಗುದದ್ವಾರದ ಕ್ಯಾನ್ಸರ್‌ಗಳಲ್ಲಿ ಶೇ. 90ರಷ್ಟಕ್ಕೆ ಎಚ್‌ಪಿವಿಯೇ ಕಾರಣ. ಎಚ್‌ಪಿವಿಗೂ ಗರ್ಭಕಂಠದ ಕ್ಯಾನ್ಸರ್‌ಗೂ ಇರುವ ನಂಟನ್ನು ತೋರಿಸಿದ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಲೈಂಗಿಕ ಬದುಕು ಆರಂಭಿಸಿದ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಕಾಲದಲ್ಲಿ ಎಚ್‌ಪಿವಿ ತಗುಲುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ಹೊರಹಾಕುತ್ತದೆ. ಎಚ್‌ಐವಿಯಿಂದ ರೋಗನಿರೋಧಕ ಸಿಡಿ4 ಕೋಶಗಳು ಕುಸಿದ ದೇಹಕ್ಕೆ ಇದು ಸಾಧ್ಯವಾಗುವುದಿಲ್ಲ. ಒಮ್ಮೆ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದಿದ್ದವರಲ್ಲಿ, ಮಾತ್ರೆಯಿಂದ ಮುಂದೆ ಅದು ಏರಿದರೂ, ಅಪಾಯ ಪೂರ್ತಿ ಹೋಗುವುದಿಲ್ಲ. ಬೀಡಿ, ಸಿಗರೇಟು ಇದ್ದರೆ ಅಪಾಯ ಇನ್ನಷ್ಟು.

ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಎಚ್‌ಐವಿ ಇದ್ದು ಗಂಡಸರೊಂದಿಗೆ ಸಂಪರ್ಕವಿರುವ ಗಂಡಸರಲ್ಲಿ ವರ್ಷಕ್ಕೆ ಲಕ್ಷಕ್ಕೆ 85 ಮಂದಿಗೆ ಈ ಕ್ಯಾನ್ಸರ್ ಬರುತ್ತದೆ. ಎಚ್‌ಐವಿ ಇರುವ ಉಳಿದ ಗಂಡಸರಲ್ಲಿ 32, ಹೆಂಗಸರಲ್ಲಿ 22. ಕೊನೆಯ ಎರಡು ಅಂಕಿಗಳನ್ನು ಜನ ಮರೆಯುತ್ತಾರೆ. ಇದು ಸಲಿಂಗಿ ಗಂಡಸರ ಕಾಯಿಲೆ ಎಂದು ಪಕ್ಕಕ್ಕಿಟ್ಟುಬಿಟ್ಟರೆ, ಹಳ್ಳಿಯ ಗೃಹಿಣಿಗೆ ರಕ್ತ ಹೋದಾಗ ಯಾರಿಗೂ ಅನುಮಾನ ಬರುವುದೇ ಇಲ್ಲ. ಹೆಂಗಸರಿಗೆ ಈ ಸೋಂಕು ಬರಲು ಗುದಸಂಭೋಗವೇ ಆಗಬೇಕೆಂದಿಲ್ಲ, ಪಕ್ಕದ ಜನನಾಂಗದಿಂದಲೇ ವೈರಸ್ ಹರಡಬಲ್ಲದು.

ಭಾರತದ ಅಂಕಿಗಳು ಹೆಚ್ಚಿಲ್ಲ, ಇರುವುದು ಮಾತ್ರ ಗಟ್ಟಿಯಾಗಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಮುಂಬೈನ ಹಮ್‌ಸಫರ್ ಟ್ರಸ್ಟ್, ಕ್ಯಾಲಿಫೋರ್ನಿಯದ ಜೋಯೆಲ್ ಪಲೆಫ್‌ಸ್ಕಿ ಅವರ ತಂಡದ ಜೊತೆ ಸೇರಿ ಎಚ್‌ಐವಿ ಇರುವ, ಗಂಡಸರೊಂದಿಗೆ ಸಂಪರ್ಕವಿರುವ 300 ಗಂಡಸರನ್ನು ಪರೀಕ್ಷಿಸಿದವು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರಲ್ಲಿ ಶೇ. 95 ಮಂದಿಗೆ ಗುದನಾಳದಲ್ಲಿ ಎಚ್‌ಪಿವಿ ಇತ್ತು. ಎಲ್ಲಕ್ಕಿಂತ ಹೆಚ್ಚು ಕಂಡದ್ದು 16ನೇ ಬಗೆಯಲ್ಲ, 35ನೆಯದು. ಅದು ಇದ್ದದ್ದು ಶೇ. 20 ಮಂದಿಯಲ್ಲಿ, 16ನೆಯದು ಶೇ. 13 ಮಂದಿಯಲ್ಲಿ. ಈ 35ನೇ ಬಗೆ ನಾಲ್ಕು ಬಗೆಗಳನ್ನು ತಡೆಯುವ ಇಂದಿನ ಲಸಿಕೆಯಲ್ಲಾಗಲಿ ಒಂಬತ್ತು ಬಗೆಗಳನ್ನು ತಡೆಯುವ ಲಸಿಕೆಯಲ್ಲಾಗಲಿ ಇಲ್ಲ. ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ತಪ್ಪುವುದಿಲ್ಲ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಲಸಿಕೆಯ ಕೆಲಸ ಸೋಂಕು ಬರುವ ಮೊದಲು. 16ರಿಂದ 26 ವಯಸ್ಸಿನ 602 ಯುವಕರ ಮೇಲೆ ನಡೆದು 2011ರಲ್ಲಿ ಹೊರಬಂದ ಪ್ರಯೋಗದಲ್ಲಿ, ಲಸಿಕೆಯಲ್ಲಿರುವ ಬಗೆಗಳಿಂದ ಗುದನಾಳದಲ್ಲಿ ಆಗುವ ಕ್ಯಾನ್ಸರ್‌ಪೂರ್ವ ಬದಲಾವಣೆಯನ್ನು ಲಸಿಕೆ ಶೇ. 77.5ರಷ್ಟು ತಗ್ಗಿಸಿತ್ತು. ಎಚ್‌ಐವಿ ಇರುವ 27 ದಾಟಿದವರಿಗೆ ಕೊಟ್ಟು ನೋಡಿದ ಇನ್ನೊಂದು ಪ್ರಯೋಗವನ್ನು ಲಾಭ ಕಾಣದೆ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್‌ಗೆ 2022ರ ಜುಲೈನಲ್ಲಿ ಅನುಮತಿ ಸಿಕ್ಕಿತು. 6, 11, 16, 18 ಬಗೆಗಳನ್ನು ತಡೆಯುವ ಇದನ್ನು 9ರಿಂದ 26 ವಯಸ್ಸಿನ ಹುಡುಗಿಯರಿಗೂ ಹುಡುಗರಿಗೂ ಕೊಡಬಹುದು. ಈ ಲಸಿಕೆಯ ಮಾತು ಬಂದಾಗಲೆಲ್ಲ ಹೆಣ್ಣುಮಕ್ಕಳ ಹೆಸರಷ್ಟೇ ಕೇಳುತ್ತದೆ. ಹುಟ್ಟಿನಿಂದ ಎಚ್‌ಐವಿ ಇರುವ ಹುಡುಗನಿಗೂ ಅದು ಅಷ್ಟೇ ಬೇಕು. ಎಚ್‌ಐವಿ ಇರುವವರಿಗೆ ಒಂದು ಡೋಸ್ ಸಾಲದು, ಸಾಧ್ಯವಾದರೆ ಮೂರು, ಕನಿಷ್ಠ ಎರಡು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸೋಂಕಿಗೂ ಕ್ಯಾನ್ಸರ್‌ಗೂ ನಡುವೆ ವರ್ಷಗಟ್ಟಲೆ ಉಳಿಯುವ ಒಂದು ಹಂತವಿದೆ. ಪೊರೆಯ ಜೀವಕೋಶಗಳು ಕೆಟ್ಟಿರುತ್ತವೆ, ಆದರೆ ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಇದನ್ನು ಸುಟ್ಟು ತೆಗೆದರೆ ಕ್ಯಾನ್ಸರ್ ತಪ್ಪುತ್ತದೆಯೇ ಎಂಬ ಪ್ರಶ್ನೆಗೆ ದಶಕಗಳ ಕಾಲ ಖಚಿತ ಉತ್ತರ ಇರಲಿಲ್ಲ. ಉತ್ತರ ಕೊಟ್ಟದ್ದು ಅಮೆರಿಕದ ಆ್ಯಂಕರ್ ಪ್ರಯೋಗ. ಪಲೆಫ್‌ಸ್ಕಿ ಅವರೇ ಅದರ ಮುಂದಾಳು. ಎಚ್‌ಐವಿ ಇದ್ದು 35 ದಾಟಿದ, ಇಂಥ ಬದಲಾವಣೆ ಕಂಡ 4,400ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಚಿಕಿತ್ಸೆ ಕೊಟ್ಟರು, ಉಳಿದವರನ್ನು ಎಚ್ಚರದಿಂದ ಗಮನಿಸುತ್ತ ಬಂದರು. ಚಿಕಿತ್ಸೆ ಪಡೆದವರಲ್ಲಿ 9 ಮಂದಿಗೆ ಕ್ಯಾನ್ಸರ್ ಬಂತು, ಗಮನಿಸಿದವರಲ್ಲಿ 21 ಮಂದಿಗೆ. ಅಪಾಯ ಶೇ. 57ರಷ್ಟು ಇಳಿದದ್ದು ಸ್ಪಷ್ಟವಾದದ್ದರಿಂದ 2021ರಲ್ಲಿ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿ ಎಲ್ಲರಿಗೂ ಚಿಕಿತ್ಸೆ ದೊರಕುವಂತೆ ಮಾಡಿದರು. ವರದಿ ಬಂದದ್ದು 2022ರ ಜೂನ್‌ನಲ್ಲಿ. ಇದರ ಬೆನ್ನಿಗೆ 2024ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಎಚ್‌ಐವಿ ಇರುವವರಲ್ಲಿ ಗಂಡಸರೊಂದಿಗೆ ಸಂಪರ್ಕವಿರುವ ಗಂಡಸರಿಗೂ ಟ್ರಾನ್ಸ್ ಮಹಿಳೆಯರಿಗೂ 35ರಿಂದ, ಉಳಿದವರಿಗೆ 45ರಿಂದ ತಪಾಸಣೆ ಇರಲಿ ಎಂದಿತು.

ಆ ತಪಾಸಣೆಯಲ್ಲಿ ಮೊದಲು ಹತ್ತಿಕಡ್ಡಿಯಂಥದ್ದನ್ನು ಗುದನಾಳದಲ್ಲಿ ತಿರುಗಿಸಿ ಜೀವಕೋಶಗಳನ್ನು ತೆಗೆಯುತ್ತಾರೆ. ಏನಾದರೂ ಕಂಡರೆ ಸಣ್ಣ ಕೊಳವೆ ಇಳಿಸಿ, ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಳುವಾಗಿಸಿ ಸವರಿ, ಭೂತಗನ್ನಡಿಯಂತೆ ಹಿಗ್ಗಿಸಿ ತೋರುವ ಉಪಕರಣದಲ್ಲಿ ನೋಡುತ್ತಾರೆ. ಕೆಟ್ಟ ಜಾಗ ಬೆಳ್ಳಗೆ ತಿರುಗುತ್ತದೆ. ಅಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಇದನ್ನು ಪಳಗಿದ ಕೈಯಲ್ಲಿ ಮಾಡುವ ವೈದ್ಯರು ಭಾರತದಲ್ಲಿ ಬೆರಳೆಣಿಕೆಯಷ್ಟು, ಅವರೂ ಮಹಾನಗರಗಳಲ್ಲಿ. ಈ ಅನುಕೂಲವೇ ಇಲ್ಲದ ಕಡೆ ಹತ್ತಿಕಡ್ಡಿ ಪರೀಕ್ಷೆ ಮಾಡಿ ರೋಗಿಯನ್ನು ಗಾಬರಿಗೆ ಬೀಳಿಸಬೇಡಿ, ಬದಲಿಗೆ ಲಕ್ಷಣ ಕೇಳಿ, ಬೆರಳಿನಿಂದ ಪರೀಕ್ಷಿಸಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಗುಂಡ್ಲುಪೇಟೆಗೆ ಒದಗುವ ಮಾತು ಇದೇ. ಬೆರಳಿನ ಪರೀಕ್ಷೆಗೆ ಬೇಕಾದದ್ದು ಒಂದು ಗ್ಲೌಸ್, ಸ್ವಲ್ಪ ಜೆಲ್ಲಿ, ಒಂದು ಪರದೆ. ರೋಗಿ ಎಡಮಗ್ಗುಲಾಗಿ ಮೊಣಕಾಲು ಮಡಚಿ ಮಲಗುತ್ತಾರೆ. ವೈದ್ಯರು ಮೊದಲು ಹೊರಗಿನ ಚರ್ಮವನ್ನು ನೋಡಿ, ಆಮೇಲೆ ತೋರುಬೆರಳನ್ನು ಮೆಲ್ಲಗೆ ಒಳಗಿಟ್ಟು ಸುತ್ತಲೂ ತಿರುಗಿಸುತ್ತಾರೆ. ಮೂಲವ್ಯಾಧಿಯ ಊತ ಮೆತ್ತಗಿರುತ್ತದೆ, ಒತ್ತಿದರೆ ಅಮುಕುತ್ತದೆ. ಕ್ಯಾನ್ಸರ್ ಗಂಟು ಗಟ್ಟಿ, ಒರಟು, ಅಲುಗದು. ತೊಡೆಸಂದಿನಲ್ಲಿ ಗೆಡ್ಡೆ ಇದೆಯೇ ಎಂದೂ ಮುಟ್ಟಿ ನೋಡಬೇಕು. ಐದು ನಿಮಿಷವೂ ಹಿಡಿಯದ ಕೆಲಸ. ಎಚ್‌ಐವಿ ಇರುವವರಿಗೆ ವರ್ಷಕ್ಕೊಮ್ಮೆ ಮಾಡಿದರೆ, ಗಂಟು ಎರಡು ಸೆಂಟಿಮೀಟರ್ ಮೀರುವ ಮೊದಲೇ ಸಿಗುವ ಸಾಧ್ಯತೆ ಇದೆ. ಮನೆಯಲ್ಲಿ ತಾವೇ ಮುಟ್ಟಿ ನೋಡಿಕೊಳ್ಳುವುದನ್ನು ಕಲಿಸಿದರೆ ಜನ ಚೆನ್ನಾಗಿಯೇ ಕಲಿಯುತ್ತಾರೆ ಎಂದು ಅಮೆರಿಕದಲ್ಲಿ 700ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನ ತೋರಿಸಿದೆ.

ನಡೆಯುವುದು ಬೇರೆ. ಮಲದಲ್ಲಿ ರಕ್ತ ಕಂಡವರು ಹೇಳಲು ನಾಚಿ ಮೊದಲು ಮೆಡಿಕಲ್ ಸ್ಟೋರಿನ ಮುಲಾಮು ಹಚ್ಚುತ್ತಾರೆ. ಖಾರ ಬಿಡುತ್ತಾರೆ, ಮಜ್ಜಿಗೆ ಕುಡಿಯುತ್ತಾರೆ. ಆಮೇಲೆ ಗೋಡೆಗಂಟಿಸಿದ, ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ ಎಂಬ ಚೀಟಿಯ ವಿಳಾಸ ಹುಡುಕಿ ಹೋಗುತ್ತಾರೆ. ಅಲ್ಲಿ ಬಯಾಪ್ಸಿಯ ಮಾತೇ ಇಲ್ಲ. ರಕ್ತ, ತುರಿಕೆ, ಕೂತರೆ ನೋವು, ಒಳಗೇನೋ ಸಿಕ್ಕಿಕೊಂಡಂತೆ ಅನಿಸುವುದು, ಲೋಳೆ ಜಿನುಗುವುದು, ಇವೆಲ್ಲ ಎರಡೂ ಕಾಯಿಲೆಗೆ ಸಮಾನ ಲಕ್ಷಣ. ಅವುಗಳನ್ನು ಬೇರ್ಪಡಿಸುವುದು ಬೆರಳು ಮತ್ತು ಬಯಾಪ್ಸಿ, ಊಹೆಯಲ್ಲ. ನಾಚಿಕೆ ನಮ್ಮ ಕಡೆಯದಷ್ಟೇ ಅಲ್ಲ. 2009ರಲ್ಲಿ ಈ ಕ್ಯಾನ್ಸರ್‌ನಿಂದ ತೀರಿಕೊಂಡ ಹಾಲಿವುಡ್ ನಟಿ ಫರಾ ಫಾಸೆಟ್ ಕಾಲದಲ್ಲಿ ಪತ್ರಿಕೆಗಳೇ ಆ ಅಂಗದ ಹೆಸರು ಬರೆಯಲು ತಡವರಿಸಿದವು. ಇದೇ ಕಾಯಿಲೆಯಿಂದ ಗುಣವಾದ ನಟಿ ಮಾರ್ಸಿಯಾ ಕ್ರಾಸ್ 2019ರಲ್ಲಿ ಬಾಯಿಬಿಟ್ಟು ಮಾತಾಡಿದ್ದು ಈ ಸಂಕೋಚವನ್ನು ಮುರಿಯಲೆಂದೇ.

ಮೈಸೂರು ಸೀಮೆಯಲ್ಲಿ ಇಂಥ ಮಾತುಗಳಿಗೆ ನೆಲ ಹದವಾಗಿದೆ. 2005ರಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿಕೊಂಡ ಅಶೋದಯ ಸಮಿತಿಯಲ್ಲಿ ಹೆಂಗಸರು, ಗಂಡಸರು, ಟ್ರಾನ್ಸ್ ಸಮುದಾಯದವರು ಎಲ್ಲರೂ ಇದ್ದಾರೆ. ಆಸ್ಪತ್ರೆಯಲ್ಲಿ ಹೇಳದ್ದನ್ನು ಜೊತೆಗಾರರಲ್ಲಿ ಹೇಳಿಕೊಳ್ಳುವುದು ಅಲ್ಲಿಯ ರೂಢಿ. ಪೂರ್ಣಿಮಾ ಮದಿವಾಣನ್ ಮತ್ತು ಸಂಗಡಿಗರ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಮೈಸೂರಿನ ಹೆಂಗಸರಲ್ಲಿ ಎಚ್‌ಪಿವಿ ಮತ್ತು ಗರ್ಭಕಂಠದ ಕ್ಯಾನ್ಸರ್ ಕುರಿತು ವರ್ಷಗಳಿಂದ ಕೆಲಸ ಮಾಡಿದೆ. ಎಚ್‌ಐವಿ ಇರುವ ಹೆಣ್ಣಿಗೆ 25ರಿಂದಲೇ ಗರ್ಭಕಂಠದ ತಪಾಸಣೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆಂದು ಬಂದವರಿಗೆ ಗುದದ ಪರೀಕ್ಷೆಯನ್ನೂ ಅಂದೇ ಮಾಡಿಬಿಡುವುದು ಜಾಣತನ, ಇನ್ನೊಂದು ಸಲ ಕರೆದರೆ ಎಷ್ಟು ಮಂದಿ ಬಂದಾರು?

ಅನುಮಾನ ಬಂದ ರೋಗಿಯ ದಾರಿ ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆಯಿಂದ ಚಾಮರಾಜನಗರದ ವೈದ್ಯಕೀಯ ಕಾಲೇಜಿಗೆ, ಅಲ್ಲಿಂದ ಮೈಸೂರಿಗೆ ಇಲ್ಲವೇ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆಗೆ. ವಿಕಿರಣ ಚಿಕಿತ್ಸೆ ಐದಾರು ವಾರ, ವಾರಕ್ಕೆ ಐದು ದಿನ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ ಪುಕ್ಕಟೆಯಾದ್ದರಿಂದ ಅವರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಕೂಲಿ ಬಿಟ್ಟು ಊರಾಚೆ ಉಳಿಯುವ ಖರ್ಚು ಮಾತ್ರ ಎಲ್ಲರಿಗೂ ಇದ್ದೇ ಇದೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದೂ, ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ತಿಳಿಸುವುದೂ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ-ಏಡ್ಸ್ ಕಾಯ್ದೆಯಡಿ ನಿಷಿದ್ಧ.

ಚಿಕಿತ್ಸೆಯ ಕಥೆ ಸ್ವಾರಸ್ಯದ್ದು. 1970ರ ದಶಕದವರೆಗೆ ಗುದದ್ವಾರವನ್ನೇ ಕತ್ತರಿಸಿ ತೆಗೆದು, ಹೊಟ್ಟೆಯ ಮೇಲೆ ಮಲದ ಚೀಲ ಜೋಡಿಸುವುದೊಂದೇ ಉಪಾಯವಾಗಿತ್ತು. ಅಮೆರಿಕದ ಡೆಟ್ರಾಯಿಟ್‌ನ ಶಸ್ತ್ರಚಿಕಿತ್ಸಕ ನಾರ್ಮನ್ ನಿಗ್ರೋ, ಆಪರೇಷನ್ ಸುಲಭವಾಗಲಿ ಎಂದು ಮೂವರಿಗೆ ಮುಂಚಿತವಾಗಿ ಕಡಿಮೆ ಪ್ರಮಾಣದ ವಿಕಿರಣ ಮತ್ತು 5-ಫ್ಲೂರೋಯುರಾಸಿಲ್, ಮೈಟೋಮೈಸಿನ್ ಔಷಧಿಗಳನ್ನು ಕೊಟ್ಟರು. ಇಬ್ಬರಿಗೆ ಆಪರೇಷನ್ ಆಯಿತು, ಕತ್ತರಿಸಿ ತೆಗೆದ ಭಾಗದಲ್ಲಿ ಕ್ಯಾನ್ಸರ್ ಒಂದಿಷ್ಟೂ ಇರಲಿಲ್ಲ. ಮೂರನೆಯವರು ಆಪರೇಷನ್ ಬೇಡವೆಂದರು, ಅವರಿಗೂ ಗಂಟು ಮಾಯವಾಗಿತ್ತು. 1974ರಲ್ಲಿ ಬಂದ ಆ ಪುಟ್ಟ ವರದಿ ಇಡೀ ಚಿಕಿತ್ಸೆಯನ್ನೇ ಬದಲಿಸಿತು. ಇಂದಿಗೂ ಮೊದಲ ಆಯ್ಕೆ ಈ ಎರಡು ಔಷಧಿ ಮತ್ತು ವಿಕಿರಣವೇ. ಬೇರೆಡೆಗೆ ಹರಡಿದ್ದರೆ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್. ಇವೂ ಭಾರತದಲ್ಲಿ ತಯಾರಾಗುವ ಔಷಧಿಗಳು.

ಎಚ್‌ಐವಿ ಇರುವವರಿಗೆ ಚಿಕಿತ್ಸೆಯನ್ನು ಅರೆಬರೆ ಮಾಡುವ ಅಗತ್ಯವಿಲ್ಲ. ವೈರಸ್ ಹತೋಟಿಯಲ್ಲಿದ್ದರೆ ಫಲಿತಾಂಶ ಉಳಿದವರಂತೆಯೇ ಇರುತ್ತದೆ. ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ಬಿಡಬಾರದು. ವಿಕಿರಣದ ಅವಧಿಯಲ್ಲಿ ಸಿಡಿ4 ಇಳಿಯುವುದರಿಂದ ಸೋಂಕು ತಡೆಯಲು ಕೋಟ್ರೈಮಾಕ್ಸಝೋಲ್ ಬೇಕಾಗಬಹುದು. ಎಚ್‌ಐವಿಯ ಹಳೆಯ ಮಾತ್ರೆಯಾದ ಜಿಡೊವುಡಿನ್ ಇನ್ನೂ ನುಂಗುತ್ತಿರುವವರಿಗೆ ರಕ್ತಹೀನತೆ ಹೆಚ್ಚುವ ಭಯವಿದೆ, ಅದನ್ನು ಬದಲಿಸುವುದು ಒಳ್ಳೆಯದು. ಮೂರನೇ ವಾರದ ಹೊತ್ತಿಗೆ ಆ ಭಾಗದ ಚರ್ಮ ಸುಟ್ಟಂತೆ ಕೆಂಪೇರಿ ಸುಲಿಯುತ್ತದೆ. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಸಡಿಲವಾದ ಹತ್ತಿ ಬಟ್ಟೆ, ನೋವಿನ ಮಾತ್ರೆ ಆಗ ಬೇಕಾಗುತ್ತವೆ. ಚಿಕಿತ್ಸೆ ಮುಗಿದ ಕೂಡಲೇ ಗಂಟು ಉಳಿದಿದೆಯೆಂದು ಹೆದರಿ ಆಪರೇಷನ್‌ಗೆ ಆತುರಪಡಬಾರದು. ಅದು ನಿಧಾನಕ್ಕೆ ಕರಗುತ್ತಿರುತ್ತದೆ, ಚಿಕಿತ್ಸೆ ಶುರುವಾಗಿ 26 ವಾರ ಆಗುವವರೆಗೆ ಕಾದು ನೋಡಬಹುದೆಂದು ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿಕೊಟ್ಟಿದೆ. ಆಮೇಲೂ ಗಂಟು ಉಳಿದರೆ, ಇಲ್ಲವೇ ಮರಳಿ ಬಂದರೆ, ಆಗ ಹಳೆಯ ದೊಡ್ಡ ಆಪರೇಷನ್ನು.